ಅವಳಿ ನಗರದ ಚೇತರಿಕೆಯನ್ನು ಅಳೆದವರು ಯಾರು?

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದ ಆರ್ಥಿಕ ಹಿಂಜರಿತದಿಂದ ರಾಜ್ಯ ಪೂರ್ತಿ ಹೊರಬಂದಿದೆ ಎಂಬ ಮಾತನ್ನು ಸಭೆ–ಸಮಾವೇಶಗಳಲ್ಲಿ ಆಗಾಗ ಕೇಳುತ್ತಿದ್ದೇವೆ. ರಾಜ್ಯದ ಸರಾಸರಿ ನೋಡಿದರೆ ಅದು ಸುಳ್ಳಲ್ಲ. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುವಾಗ, ಆ ಸರಾಸರಿಯಲ್ಲಿ ಕೇಳಿಸುವುದು ಬಹುಮಟ್ಟಿಗೆ ರಾಜಧಾನಿಯ ನಾಡಿಬಡಿತ. ನಮ್ಮ ಅವಳಿ ನಗರ ಹುಬ್ಬಳ್ಳಿ–ಧಾರವಾಡ, ಮೈಸೂರು, ಬೆಳಗಾವಿಯಂಥ ಮಧ್ಯಮ ಗಾತ್ರದ ನಗರಗಳು ಎಷ್ಟು ಚೇತರಿಸಿಕೊಂಡಿವೆ, ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವುಗಳ ಪಾಡೇನು ಎಂದು ಕೇಳಿದರೆ ಅಂಕಿಅಂಶ ಮುಂದಿಟ್ಟು ಉತ್ತರಿಸಬಲ್ಲ ಕಚೇರಿ ನನಗೆ ಕಂಡಿಲ್ಲ. ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಕಡತಗಳನ್ನು ನೋಡಿಕೊಂಡು ನಿವೃತ್ತನಾದ ನಾನು ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

2020ರ ಫೆಬ್ರುವರಿ 2ರಂದು ನಮ್ಮ ಊರಿನ ಬಿಆರ್‌ಟಿಎಸ್ (ಬಸ್ಸುಗಳಿಗೆ ಪ್ರತ್ಯೇಕ ಪಥವಿರುವ ತ್ವರಿತ ಸಾರಿಗೆ) ಯೋಜನೆಯನ್ನು ಉಪರಾಷ್ಟ್ರಪತಿ ಉದ್ಘಾಟಿಸಿದರು. ಎಂಟು ವಾರ ಕಳೆಯುವುದರೊಳಗೆ ಲಾಕ್‌ಡೌನ್ ಬಂದು ಅದರ ಚಿಗರಿ ಬಸ್ಸುಗಳು ನಿಂತವು. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ, ಮೊದಲ ಅಂದಾಜಿನ ಪ್ರಕಾರ, ಶೇ 23.9ರಷ್ಟು ಕುಸಿಯಿತು. ಶಾಲೆ–ಕಾಲೇಜುಗಳು ಮುಚ್ಚಿ, ಜನರ ಓಡಾಟವೂ ನಿಂತ ಮೇಲೆ ಹೊಸ ಬಸ್ಸು ಕೊಳ್ಳುವವರು ಎಲ್ಲಿಂದ ಬರಬೇಕು? ಧಾರವಾಡದಲ್ಲಿ ಟಾಟಾ ಮೋಟರ್ಸ್ ಜೊತೆ ಬಸ್ ತಯಾರಿಕೆಯಲ್ಲಿ ಪಾಲುದಾರನಾಗಿದ್ದ ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿ ಆ ಡಿಸೆಂಬರ್‌ನಲ್ಲಿ ತನ್ನ ಶೇ 49ರ ಪಾಲನ್ನು ಬಿಟ್ಟುಕೊಟ್ಟು ಹೊರನಡೆಯಲು ತೀರ್ಮಾನಿಸಿತು. ಕಾರ್ಖಾನೆ ಉಳಿಯಿತು. ಆದರೆ ವಾಹನ ಉದ್ಯಮವನ್ನು ನೆಚ್ಚಿಕೊಂಡು ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಎರಡು ಲೇಥು, ನಾಲ್ಕು ಕೆಲಸಗಾರರನ್ನು ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಿದ್ದವರಲ್ಲಿ ಎಷ್ಟು ಮಂದಿ ಷಟರ್ ಎಳೆದರು, ಎಷ್ಟು ಮಂದಿ ಮತ್ತೆ ತೆರೆದರು ಎಂಬ ಲೆಕ್ಕ ಇದುವರೆಗೆ ಪ್ರಕಟವಾದದ್ದನ್ನು ನಾನು ನೋಡಿಲ್ಲ.

ಕೇಂದ್ರ ಸರ್ಕಾರ ಆಗ ತಂದ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 2020ರ ಫೆಬ್ರುವರಿ 29ಕ್ಕೆ ಬಾಕಿಯಿದ್ದ ಸಾಲದ ಶೇ 20ರಷ್ಟನ್ನು ಹೊಸ ಅಡಮಾನವಿಲ್ಲದೆ ಕೊಡುವ, ಮೊದಲ ವರ್ಷ ಅಸಲು ಕೇಳದ, ಉಳಿದ ಮೂರು ವರ್ಷಗಳಲ್ಲಿ ಕಂತು ಕಟ್ಟಿಸಿಕೊಳ್ಳುವ ಯೋಜನೆ ಅದು. ಅದರಿಂದ ಅನೇಕ ಘಟಕಗಳು ಉಸಿರು ಹಿಡಿದುಕೊಂಡವು ಎಂಬುದು ನಿಜ. ಆದರೆ ಬಾಕಿಯ ಶೇ 20 ಎಂದಮೇಲೆ, ಬಾಕಿಯೇ ಇಲ್ಲದವನಿಗೆ ಸಿಕ್ಕಿದ್ದು ಸೊನ್ನೆ. ಸಾಲದ ಗೋಜಿಗೆ ಹೋಗದೆ ಸ್ವಂತ ದುಡ್ಡಿನಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಿಕೊಂಡು ವ್ಯಾಪಾರ ಮಾಡಿದ ಖಾನಾವಳಿಯವರು, ಮುದ್ರಣಾಲಯದವರು, ಬಿಡಿಭಾಗ ಮಾಡುವವರು ದೊಡ್ಡ ನಗರಗಳಿಗಿಂತ ನಮ್ಮಂಥ ಊರುಗಳಲ್ಲೇ ಹೆಚ್ಚು ಎಂಬುದು ನನ್ನ ಅನುಭವ. ಅವರು ಕೈಗಂಟು ಕರಗಿಸಿದರು, ಕೆಲವರು ಚಿನ್ನ ಅಡವಿಟ್ಟರು. ಕಂತು ತಪ್ಪಿಸಿದವನ ಹೆಸರು ಬ್ಯಾಂಕಿನ ಎನ್‌ಪಿಎ (ವಸೂಲಾಗದ ಸಾಲ) ಪಟ್ಟಿಯಲ್ಲಾದರೂ ಕಾಣಿಸುತ್ತದೆ, ಇವರ ನಷ್ಟ ಅಲ್ಲಿಗೂ ಬರಲಿಲ್ಲ.

ಲೆಕ್ಕ ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಸರಳವಾಗಿದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ ಪ್ರಕಟಿಸುವ ನಿರುದ್ಯೋಗದ ಪ್ರಮಾಣ ಇಡೀ ರಾಜ್ಯದ ನಗರ ಪ್ರದೇಶಕ್ಕೆ ಒಂದೇ. ರಾಜ್ಯ ಸರ್ಕಾರ ಜಿಲ್ಲಾವಾರು ಆದಾಯದ ಅಂದಾಜು ಮಾಡುತ್ತದೆ, ಅದೂ ತಡವಾಗಿ ಬರುತ್ತದೆ. ಆ ಅಂದಾಜಿನ ಒಟ್ಟು ಮೊತ್ತದಲ್ಲಿ ನವಲಗುಂದದ ಹತ್ತಿ, ಕುಂದಗೋಳದ ಮೆಣಸಿನಕಾಯಿ, ಗೋಕುಲ ರಸ್ತೆಯ ಲೇಥು ಎಲ್ಲವೂ ಒಂದೇ ಸಂಖ್ಯೆಯಲ್ಲಿ ಕರಗಿಹೋಗುವುದರಿಂದ, ಒಳ್ಳೆಯ ಮಳೆಯಾದ ವರ್ಷ ಕೈಗಾರಿಕಾ ವಸಾಹತು ಅರ್ಧ ಮುಚ್ಚಿದ್ದರೂ ಧಾರವಾಡ ಜಿಲ್ಲೆ ಬೆಳೆದಂತೆ ಕಾಣಬಹುದು. ಅಮೆರಿಕದಲ್ಲಿ ಪ್ರತಿ ಮಹಾನಗರ ಪ್ರದೇಶದ ನಿರುದ್ಯೋಗದ ಪ್ರಮಾಣ ತಿಂಗಳಿಗೊಮ್ಮೆ, ಒಟ್ಟು ಉತ್ಪನ್ನ ವರ್ಷಕ್ಕೊಮ್ಮೆ ಪ್ರಕಟವಾಗುತ್ತವೆ. ಅಷ್ಟು ಬೇಡ, ವರ್ಷಕ್ಕೊಂದು ಸಂಖ್ಯೆಯಾದರೂ ನಮಗೆ ಬೇಡವೇ?

ಎಣಿಕೆ ತಪ್ಪಿದರೆ ಹಣವೂ ತಪ್ಪುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಗರ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ ಅನುದಾನದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 50 ನಗರ ಸಮೂಹಗಳಿಗೆ (ನಗರ ಮತ್ತು ಅದಕ್ಕೆ ಅಂಟಿಕೊಂಡ ಊರುಗಳು) 38,196 ಕೋಟಿ ರೂಪಾಯಿ ಪ್ರತ್ಯೇಕವಾಗಿ ಮೀಸಲಾಯಿತು. ಉಳಿದ ಸುಮಾರು ನಾಲ್ಕು ಸಾವಿರ ಊರುಗಳಿಗೆ ಸೇರಿ 82,859 ಕೋಟಿ. ಆ ಐವತ್ತರಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಅಳತೆಗೋಲು 2011ರ ಜನಗಣತಿ, ಅದರಲ್ಲಿ ಹುಬ್ಬಳ್ಳಿ–ಧಾರವಾಡದ ಸಂಖ್ಯೆ 9.43 ಲಕ್ಷ, ಮೈಸೂರು ನಗರ ಸಮೂಹದ್ದು ಸುಮಾರು 9.9 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಈಗ ಅದಕ್ಕೆ ಆಧಾರ ದಿನವಾಗಿ ಗೊತ್ತಾಗಿರುವುದು 2027ರ ಮಾರ್ಚ್ 1. ಹದಿನಾರು ವರ್ಷಗಳಲ್ಲಿ ಎಷ್ಟು ಬಡಾವಣೆಗಳು ಎದ್ದಿವೆ ಎಂಬುದನ್ನು ನವನಗರದಿಂದ ಸತ್ತೂರಿನವರೆಗೆ ಒಮ್ಮೆ ಬಸ್ಸಿನಲ್ಲಿ ಹೋದವರೂ ಹೇಳಬಲ್ಲರು, ಆದರೆ ಕಾಗದದ ಮೇಲೆ ನಾವಿನ್ನೂ ಹತ್ತು ಲಕ್ಷದ ಹೊಸ್ತಿಲಿನ ಹೊರಗೇ ನಿಂತಿದ್ದೇವೆ.

ಹಿಂಜರಿತದ ಹೊತ್ತಿನಲ್ಲಿ ಊರಿನ ಪರವಾಗಿ ಕೇಳಲು ಚುನಾಯಿತ ಮಂಡಳಿಯೂ ಇರಲಿಲ್ಲ. 2019ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದಿತ್ತು, 82 ವಾರ್ಡುಗಳಿಗೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಇದೀಗ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬರುತ್ತಿದೆ, 2025ರ ಜನವರಿಯಲ್ಲೇ ಸಚಿವ ಸಂಪುಟ ಒಪ್ಪಿದೆ. ಧಾರವಾಡದವರ ಬಹುಕಾಲದ ಬೇಡಿಕೆಗೆ ನನ್ನ ತಕರಾರಿಲ್ಲ. ಆದರೆ ಮನೆ ಪಾಲಾದ ಮೇಲೂ ಎರಡೂ ಊರುಗಳನ್ನು ಒಂದೇ ನಗರ ಸಮೂಹವೆಂದು ಗಣತಿಯಲ್ಲಿ ಎಣಿಸುವಂತೆ ರಾಜ್ಯ ಸರ್ಕಾರ ನೋಡಿಕೊಳ್ಳದಿದ್ದರೆ, ಹತ್ತು ಲಕ್ಷದ ಗೆರೆ ಮತ್ತೊಮ್ಮೆ ನಮ್ಮ ಕೈತಪ್ಪಿಹೋದೀತು.

ನಿರಾಶೆಯ ಮಾತಷ್ಟೇ ಆಡಿದರೆ ಅನ್ಯಾಯವಾದೀತು. ಐಐಟಿ ಇದೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ, ಅಮರಗೋಳದಲ್ಲಿ ದೊಡ್ಡ ಎಪಿಎಂಸಿ ಇದೆ. 2020ರಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಮರಳಿದ ಹುಡುಗ–ಹುಡುಗಿಯರಿಂದ ನಮ್ಮ ಬಡಾವಣೆಯ ಮೆಸ್ಸು, ಜೆರಾಕ್ಸ್ ಅಂಗಡಿಗಳಿಗೂ ಒಂದೂವರೆ ವರ್ಷ ಜೀವ ಬಂದಿತ್ತು. ಕಚೇರಿಗಳು ಕರೆದ ಕೂಡಲೇ ಅವರು ಹೊರಟುಹೋದರು. ನಮ್ಮ ರೈಲು ನಿಲ್ದಾಣದಲ್ಲಿ 1,507 ಮೀಟರ್‌ಗಳ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. ಭಾನುವಾರ ರಾತ್ರಿ ಬೆಂಗಳೂರಿನ ರೈಲಿಗೆ ಕಾಯುತ್ತ ಅಲ್ಲಿ ನಿಲ್ಲುವ ನಮ್ಮ ಮಕ್ಕಳನ್ನು ನೋಡಿದಾಗ ಅದರ ಉದ್ದ ಸಾಲದೇನೋ ಅನ್ನಿಸುತ್ತದೆ.

ಬೇಕಾದ ಮಾಹಿತಿ ದೂರ ಎಲ್ಲೂ ಇಲ್ಲ. ಸಣ್ಣ ಕೈಗಾರಿಕೆಗಳ ತಿಂಗಳ ವಿದ್ಯುತ್ ಬಳಕೆಯ ಲೆಕ್ಕ ಹೆಸ್ಕಾಂನಲ್ಲಿ, ವ್ಯಾಪಾರ ಪರವಾನಗಿಯ ನವೀಕರಣದ ಲೆಕ್ಕ ಪಾಲಿಕೆಯಲ್ಲಿ, ಭವಿಷ್ಯನಿಧಿ ಕಟ್ಟುವ ಕಾರ್ಮಿಕರ ಸಂಖ್ಯೆ ಇಪಿಎಫ್ ಕಚೇರಿಯಲ್ಲಿ, ಜಿಎಸ್‌ಟಿ ವಹಿವಾಟು ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇದೆ. ಇವನ್ನು ಒಟ್ಟುಗೂಡಿಸಿ, 2019ರ ಅಂಕಿಗಳ ಪಕ್ಕದಲ್ಲಿಟ್ಟು, ಬೆಂಗಳೂರಿನ ಹೊರಗಿನ ಪ್ರತಿ ಮಹಾನಗರ ಪಾಲಿಕೆಗೂ ತಲಾ ಎರಡು ಪುಟದಂತೆ ಮುಂದಿನ ಬಜೆಟ್ಟಿನ ಜೊತೆ ಬರುವ ಆರ್ಥಿಕ ಸಮೀಕ್ಷೆಯಲ್ಲಿ ಅಚ್ಚು ಹಾಕಬೇಕೆಂದು ರಾಜ್ಯದ ಯೋಜನಾ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ವಿದ್ಯಾನಗರ, ಹುಬ್ಬಳ್ಳಿ