ತಕ್ಕಡಿ ಬಂದಿದ್ದು ಹಾಲಿನ ಡೇರಿಯಿಂದ

ಮಾನ್ಯರೇ,

ಹನೂರು ತಾಲ್ಲೂಕಿನ ಕಾಡಂಚಿನ ಊರು ನಮ್ಮದು. ಎರಡೂವರೆ ಎಕರೆಯಲ್ಲಿ ಮುಸುಕಿನ ಜೋಳ, ಒಂದಿಷ್ಟು ಅರಿಶಿನ ಬೆಳೆಯುತ್ತೇನೆ. ಹೋದ ವರ್ಷ ಒಂದು ಗಾಂಜಾ ಕೇಸಿನ ಮಹಜರಿಗೆ ಪಂಚನಾಗಿ, ಅಂದರೆ ಸ್ಥಳದ ಸಾಕ್ಷಿಯಾಗಿ, ನಿಂತಿದ್ದೆ. ಕೇಸು ಕೋರ್ಟಿನಲ್ಲಿದೆ, ಹಾಗಾಗಿ ಯಾರ ಹೊಲ, ಯಾವ ಠಾಣೆ ಅಂತ ಹೇಳುವುದಿಲ್ಲ.

ಬಂದ ಪೊಲೀಸರು ನಾಲ್ಕೇ ಜನ. ಉಳಿದ ಸಿಬ್ಬಂದಿಯೆಲ್ಲ ಮಹಾಲಯ ಅಮಾವಾಸ್ಯೆ ಅಂತ ಮಾದಪ್ಪನ ಬೆಟ್ಟದ ಬಂದೋಬಸ್ತಿಗೆ ಹೋಗಿದ್ದರು. ಆಳೆತ್ತರದ ಜೋಳದ ಸಾಲುಗಳ ನಡುವೆ ಗಾಂಜಾ ಗಿಡ, ರಸ್ತೆಯಲ್ಲಿ ನಿಂತರೆ ಕಾಣುವುದೇ ಇಲ್ಲ. ಪಂಪ್‌ಸೆಟ್ ಮನೆಯಲ್ಲಿ ಒಣಗಿಸಿಟ್ಟ ಚೀಲ. ಹೊತ್ತು ಮುಳುಗಿತ್ತು. ವಾರಂಟ್ ಇಲ್ಲದೆ ರಾತ್ರಿ ಬಾಗಿಲು ತೆಗೆಸಬೇಕಾದರೆ ಕಾರಣ ಬರೆದಿಡಬೇಕಂತೆ. ಪಿಎಸ್ಐ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದರು. ಟಾರ್ಚ್ ಹಿಡಿದವನು ನಾನು.

ಆಮೇಲೆ ತೂಕ. ತಕ್ಕಡಿಯೇ ಇಲ್ಲ! ಹಾಲಿನ ಡೇರಿ ಕಾರ್ಯದರ್ಶಿಯನ್ನು ಎಬ್ಬಿಸಿ, ಬೀಗ ತೆಗೆಸಿ, ತಕ್ಕಡಿ ತಂದರು. ಕಡ್ಡಿ ಕಾಂಡ ಎಲ್ಲ ಸೇರಿಸಿ ತೂಗಬಹುದಾ ಅಂತ ಅವರಲ್ಲೇ ಚರ್ಚೆ ಶುರುವಾಯಿತು. ಕಾನೂನಿನಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಇರುವ ತುದಿ ಮಾತ್ರ. ಅದು ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. 1 ಕೆ.ಜಿ.ವರೆಗೆ ಇದ್ದರೆ ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ. 20 ಕೆ.ಜಿ. ದಾಟಿದರೆ ಕಡಿಮೆ ಅಂದರೂ ಹತ್ತು ವರ್ಷ. ಇಷ್ಟೊಂದು ವ್ಯತ್ಯಾಸ ಇರುವ ಜಾಗದಲ್ಲಿ ಡೇರಿ ತಕ್ಕಡಿ! ಪ್ರತಿವಾದಿ ವಕೀಲರು ಸುಮ್ನೆ ಬಿಡ್ತಾರಾ?

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಶೋಧ, ಜಪ್ತಿ ಎಲ್ಲ ವಿಡಿಯೊ ಆಗಲೇಬೇಕು. ಒಳ್ಳೆಯದೇ, ಅಮಾಯಕರ ಮೇಲೆ ಸುಳ್ಳು ಕೇಸು ಹಾಕುವುದು ಕಷ್ಟವಾಗುತ್ತದೆ. ಪೊಲೀಸರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ವಿಡಿಯೊ ಮಾಡಿದ್ದು ಯಾವುದರಲ್ಲಿ ಗೊತ್ತಾ? ಬಂದವರಲ್ಲಿದ್ದ ಒಬ್ಬ ಹುಡುಗ ಪೇದೆಯ ಸ್ವಂತ ಮೊಬೈಲಿನಲ್ಲಿ. ಅರ್ಧಕ್ಕೆ ಚಾರ್ಜ್ ಮುಗಿಯಿತು. ನನ್ನ ಮಗನ ಪವರ್ ಬ್ಯಾಂಕ್ ತರಿಸಿದೆವು. ಆ ವಿಡಿಯೊ ಕಳಿಸೋಣ ಅಂದರೆ, ನಮ್ಮ ಕಡೆ ನೆಟ್‌ವರ್ಕ್ ಸಿಗಬೇಕಾದರೆ ದಿಬ್ಬ ಹತ್ತಬೇಕು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಸಾಲ ಮಾಡಿಕೊಂಡ ಒಬ್ಬ ರೈತ. ಬೀಜ ಕೊಟ್ಟು, ಮುಂಗಡ ಕೊಟ್ಟು ಹೋದವನು ಸಿಗಲಿಲ್ಲ. ಪಾಲಾರ್ ದಾಟಿದರೆ ತಮಿಳುನಾಡು. ಅವನ ಜಾಡು ಹಿಡಿಯಲು ಫೋನ್ ಕರೆಗಳ ವಿವರ ಕೂತು ನೋಡುವವರು ಬೇಕು. ಜಿಲ್ಲೆಯ ಸೆನ್ ಠಾಣೆಗೆ ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರನ್ನೂ ಗಂಟು ಹಾಕಿದ್ದರು. ಒಟಿಪಿ ಹೇಳಿ ದುಡ್ಡು ಕಳೆದುಕೊಂಡವರ ಸಾಲಿನ ಹಿಂದೆ ನಮ್ಮ ಗಾಂಜಾ ಕೇಸು ನಿಲ್ಲಬೇಕಿತ್ತು.

ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂದರೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತಾರೆ. ಮಾಡಲಿ. ಆ ಫ್ಲೆಕ್ಸ್ ದುಡ್ಡಿನಲ್ಲೇ ಕಾಡಂಚಿನ ಒಂದೊಂದು ಠಾಣೆಗೂ ಅಳತೆ-ತೂಕ ಇಲಾಖೆಯ ಮುದ್ರೆ ಹಾಕಿಸಿದ ತಕ್ಕಡಿ, ಒಂದು ಕ್ಯಾಮೆರಾ, ಒಂದು ಒಳ್ಳೆಯ ದೀಪ ಕೊಡಬಹುದು. ಮಹಜರು ಬರೆಯುವುದನ್ನು ಹೊಲಕ್ಕೇ ಬಂದು ಕಲಿಸಲಿ. ಜಾತ್ರೆ ಇರಲಿ, ಚುನಾವಣೆ ಇರಲಿ, ಈ ಕೆಲಸ ಬಿಟ್ಟು ಕದಲದ ಇಬ್ಬರು ಸಿಬ್ಬಂದಿ ಇರಲಿ. ಪಂಚರ ಬಗ್ಗೆಯೂ ಯೋಚಿಸಲಿ. ಮಹಜರಾದ ಮರುವಾರವೇ ನನ್ನ ಡ್ರಿಪ್ ಪೈಪನ್ನು ಯಾರೋ ಕೊಯ್ದು ಹಾಕಿದರು. ಯಾರು ಅಂತ ಗೊತ್ತಿಲ್ಲ. ಊರಿನಲ್ಲಿ ಈಗ ಪಂಚನಾಮೆ ಅಂದರೆ ಜನ ಮನೆಯ ಹಿಂಬಾಗಿಲಿನಿಂದ ಹೋಗುತ್ತಾರೆ.

ನನಗೆ ಸಮನ್ಸ್ ಬಂದಿದೆ. ಎರಡು ಬಸ್ಸು ಬದಲಿಸಿ ಕೋರ್ಟಿಗೆ ಹೋಗಬೇಕು, ಒಂದು ದಿನದ ಕೆಲಸ ಹಾಳು. ಹೋಗುತ್ತೇನೆ. ತಕ್ಕಡಿ ಎಲ್ಲಿಂದ ಬಂತು ಅಂತ ಕೇಳಿದರೆ ಇದ್ದದ್ದನ್ನೇ ಹೇಳಬೇಕು, ಅಲ್ವಾ?

– ಒಬ್ಬ ರೈತ, ಹನೂರು ತಾಲ್ಲೂಕು