‘ಮುಂದಕ್ಕೆ’ ಎಂದರೆ ಬೇಗವೋ, ತಡವೋ?

ಮಾನ್ಯ ಸಂಪಾದಕರೇ,

ಕಾಲೇಜಿನ ಸೂಚನಾ ಫಲಕ, ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಅಂಟಿಸಿದ ಚೀಟಿ, ಕಚೇರಿಯ ಸುತ್ತೋಲೆ – ಬೆಂಗಳೂರಿನಲ್ಲಿ ಇಂಥವೆಷ್ಟೋ ಮೊದಲು ಇಂಗ್ಲಿಷಿನಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬರುತ್ತವೆ. ಪತ್ರಿಕೆಗಳಿಗೆ ಬರುವ ಸುದ್ದಿಸಂಸ್ಥೆಗಳ ವರದಿಗಳೂ ಹಾಗೆಯೇ. ಹೀಗೆ ಬರುವಾಗ ದಿನಾಂಕ ಕೆಡುವ ಜಾಗವೊಂದಿದೆ. ‘ವಾಸ್ ಕಂಪ್ಲೀಟೆಡ್’, ‘ಹ್ಯಾಸ್ ಬೀನ್ ಅಡ್ವಾನ್ಸ್ಡ್’ ಎಂಬಂಥ ಕರ್ಮಣಿ ಕ್ರಿಯಾಪದದ ಜೊತೆಗೆ ಬೇಗ, ಮುಂಚೆ, ಅವಧಿಗೆ ಮುನ್ನ ಎಂಬರ್ಥದ ಮಾತು ಸೇರಿದ ಜಾಗ ಅದು. ಕೆಲಸ ಮಾಡಿದವರು ಯಾರೆಂಬುದು ಅಲ್ಲಿ ಮರೆಯಾಗಿರುತ್ತದೆ. ಬೇಗ ಎಂದರೆ ಯಾವುದಕ್ಕಿಂತ ಬೇಗ ಎಂಬುದೂ ಎಷ್ಟೋ ಸಲ ಮರೆಯಾಗಿರುತ್ತದೆ. ನೋಟಿಸು ಬರೆಯುವವರಿಗೂ ಅನುವಾದಕರಿಗೂ ನೆರವಾಗಲೆಂದು ಕೆಲವು ವಿವರಗಳನ್ನು ಬರೆಯುತ್ತಿದ್ದೇವೆ.

ಇವುಗಳಲ್ಲೆಲ್ಲ ಹೆಚ್ಚು ಅಪಾಯದ ಪದ ‘ಫಾರ್ವರ್ಡ್’. ‘ದಿ ಹಿಯರಿಂಗ್ ವಾಸ್ ಬ್ರಾಟ್ ಫಾರ್ವರ್ಡ್’ ಎಂದರೆ ವಿಚಾರಣೆಯನ್ನು ಮೊದಲು ಗೊತ್ತುಮಾಡಿದ್ದ ದಿನಕ್ಕಿಂತ ಬೇಗದ ದಿನಕ್ಕೆ ತರಲಾಯಿತು ಎಂದು ಅರ್ಥ. ಅದನ್ನೇ ಪದಕ್ಕೆ ಪದ ಇಟ್ಟು ‘ವಿಚಾರಣೆಯನ್ನು ಮುಂದಕ್ಕೆ ಹಾಕಲಾಯಿತು’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ನಮ್ಮಲ್ಲಿ ಮುಂದಕ್ಕೆ ಹಾಕುವುದು, ಮುಂದೂಡುವುದು ಎಂದರೆ ತಡಮಾಡುವುದು. ಇಂಗ್ಲಿಷಿನ ‘ಪುಷ್ಡ್ ಬ್ಯಾಕ್’ ಇದರ ಜೋಡಿ: ನೋಡಲು ‘ಹಿಂದಕ್ಕೆ ತಳ್ಳಿದರು’ ಎಂಬಂತಿದ್ದರೂ ಅರ್ಥ ಮುಂದೂಡಿದರು ಎಂದೇ. ‘ಮೂವ್ಡ್ ಫಾರ್ವರ್ಡ್’ ಅಂತೂ ಇಂಗ್ಲಿಷ್ ಮನೆಮಾತಿನವರನ್ನೇ ಗೊಂದಲಕ್ಕೆ ಕೆಡವುತ್ತದೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ, ಈಗ ಸಭೆ ಯಾವತ್ತು ಎಂದು ಮನೋವಿಜ್ಞಾನಿಗಳು ಕೇಳಿದಾಗ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಹಾಗಾಗಿ ನೋಟಿಸಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ನಮ್ಮ ದೇಶದ ಇಂಗ್ಲಿಷಿನಲ್ಲಿ ಬೇಗದ ದಿನಕ್ಕೆ ತಂದರು ಎಂಬರ್ಥದಲ್ಲಿ ಬಳಕೆಯಲ್ಲಿರುವ ‘ಪ್ರಿಪೋನ್ಡ್’ ಇದಕ್ಕಿಂತ ಎಷ್ಟೋ ಮೇಲು. ಬ್ರಿಟನ್, ಅಮೆರಿಕದವರಿಗೆ ಅದು ಅಷ್ಟು ಪರಿಚಿತವಲ್ಲ. ಆದರೆ ಬೆಂಗಳೂರಿನಲ್ಲಿ ಓದಿದವರಿಗೆ ಅದರಲ್ಲಿ ಎರಡನೆಯ ಅರ್ಥ ಹೊಳೆಯುವುದಿಲ್ಲ. ಅದನ್ನು ಬಳಸಲು ನಾಚಬೇಕಾಗಿಲ್ಲ.

ಇನ್ನು ‘ಬೈ’. ‘ದಿ ಎಕ್ಸಾಮ್ ಹ್ಯಾಸ್ ಬೀನ್ ಅಡ್ವಾನ್ಸ್ಡ್ ಬೈ ದಿ ಬೋರ್ಡ್ ಬೈ ತ್ರೀ ಡೇಸ್’ ಎಂಬ ವಾಕ್ಯ ನೋಡಿ. ಮೊದಲ ‘ಬೈ’ ಮಾಡಿದವರನ್ನು ಹೇಳುತ್ತದೆ, ಎರಡನೆಯದು ಅಂತರವನ್ನು. ಅದರ ಮುಂದೆಯೇ ‘ಹಾಲ್ ಟಿಕೆಟ್ಸ್ ಮಸ್ಟ್ ಬಿ ಕಲೆಕ್ಟೆಡ್ ಬೈ ಜೂನ್ 5’ ಎಂದು ಬಂದರೆ ಅಲ್ಲಿನ ‘ಬೈ’ ಗಡುವು. ಕನ್ನಡದಲ್ಲಿ ಈ ಮೂರಕ್ಕೂ ಮೂರು ದಾರಿ ಇವೆ. ಮಾಡಿದವರನ್ನು ಕರ್ತೃವಾಗಿಯೇ ಇಡಬಹುದು, ಅಂತರಕ್ಕೆ ಪ್ರತ್ಯಯವೇ ಬೇಡ, ಗಡುವಿಗೆ ‘ಒಳಗೆ’ ಬೇಕು: ‘ಮಂಡಳಿಯು ಪರೀಕ್ಷೆಯನ್ನು ಮೂರು ದಿನ ಮೊದಲೇ ನಡೆಸಲಿದೆ, ಹಾಲ್ ಟಿಕೆಟನ್ನು ಜೂನ್ 5ರೊಳಗೆ ಪಡೆಯಬೇಕು’. ‘ಬೈ’ ಕಂಡಲ್ಲೆಲ್ಲ ‘ಮೂಲಕ’ ಅಥವಾ ‘ಇಂದ’ ಹಾಕುತ್ತ ಹೋದರೆ ‘ಮಂಡಳಿಯಿಂದ ಮೂರು ದಿನಗಳಿಂದ’ ಎಂಬ ವಾಕ್ಯ ಹುಟ್ಟುತ್ತದೆ. ಅದನ್ನು ಓದಿದವರು ಪರೀಕ್ಷೆ ಆಗಲೇ ಮೂರು ದಿನಗಳಿಂದ ನಡೆಯುತ್ತಿದೆ ಎಂದುಕೊಂಡರೆ ತಪ್ಪು ಅವರದ್ದಲ್ಲ.

ಗಡುವಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಬಿಗಿಯಾಗಿ ಹಿಡಿಯಬೇಕು. ‘ಬೈ ಮಾರ್ಚ್ 31’ ಎಂದಾಗ ಸಾಮಾನ್ಯವಾಗಿ 31 ಕೂಡ ಸೇರುತ್ತದೆ. ‘ಬಿಫೋರ್ ಮಾರ್ಚ್ 31’ ಎಂದಾಗ ಕಡೆಯ ದಿನ 30. ಎರಡಕ್ಕೂ ‘ಮಾರ್ಚ್ 31ರ ಮೊದಲು’ ಎಂದು ಬರೆದರೆ ಶುಲ್ಕ ಕಟ್ಟುವವರು ಒಂದು ದಿನ ಕಳೆದುಕೊಳ್ಳುತ್ತಾರೆ, ಇಲ್ಲವೇ ದಂಡ ತೆರುತ್ತಾರೆ. ‘ಮಾರ್ಚ್ 31ರ ಸಂಜೆ 5 ಗಂಟೆಯವರೆಗೆ’ ಎಂದು ಗಂಟೆಯನ್ನೂ ಕೊಟ್ಟುಬಿಟ್ಟರೆ ಈ ತಕರಾರೇ ಇರುವುದಿಲ್ಲ.

‘ಆ್ಯಸ್ ಅರ್ಲಿ ಆ್ಯಸ್’ ಎಂಬ ಮಾತು ನಡೆದುಹೋದ ಸಂಗತಿಗೆ ಸೇರಿದಾಗ ಒಂದು ಅರ್ಥ, ನಡೆಯಬೇಕಾದುದಕ್ಕೆ ಸೇರಿದಾಗ ಬೇರೆ ಅರ್ಥ. ‘ಬ್ಯಾಂಗಲೋರ್ ವಾಸ್ ಲಿಟ್ ಬೈ ಎಲೆಕ್ಟ್ರಿಸಿಟಿ ಆ್ಯಸ್ ಅರ್ಲಿ ಆ್ಯಸ್ 1905’ ಎಂಬಲ್ಲಿ ವರ್ಷ ಖಚಿತ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಇಷ್ಟು ಹಿಂದೆಯೇ ಆಯಿತಲ್ಲ ಎಂಬ ಬೆರಗನ್ನು ಆ ಮೂರು ಪದಗಳು ಸೇರಿಸುತ್ತವೆ, ಅಷ್ಟೇ. ಕನ್ನಡದಲ್ಲಿ ಆ ಕೆಲಸಕ್ಕೆ ಒಂದು ‘ಏ’ಕಾರ ಸಾಕು: ‘1905ರಲ್ಲೇ ಬೆಂಗಳೂರಿಗೆ ವಿದ್ಯುತ್ ದೀಪ ಬಂದಿತ್ತು’. ‘1905ರಷ್ಟು ಮುಂಚಿತವಾಗಿ ಬೆಳಗಿಸಲ್ಪಟ್ಟಿತು’ ಎಂಬುದು ಯಾರ ಬಾಯಲ್ಲೂ ಬರುವ ಕನ್ನಡವಲ್ಲ.

ಅದೇ ಮಾತು ‘ದಿ ಫ್ಲೈಓವರ್ ಮೇ ಬಿ ಓಪನ್ಡ್ ಆ್ಯಸ್ ಅರ್ಲಿ ಆ್ಯಸ್ ಮಾರ್ಚ್’ ಎಂದು ಬಂದಾಗ ಮಾರ್ಚ್ ಎಂಬುದು ಭರವಸೆಯಲ್ಲ. ಎಲ್ಲವೂ ಸುಸೂತ್ರವಾದರೆ ತೀರ ಬೇಗ ಎಂದರೆ ಮಾರ್ಚ್, ಇಲ್ಲವಾದರೆ ಆಮೇಲೆ ಎಂದು ಅದರ ಅರ್ಥ. ಸುದ್ದಿಮನೆಯಲ್ಲಿ ‘ಮೇ ಬಿ’ ಜಾರಿಹೋಗಿ ‘ಮಾರ್ಚ್‌ನಲ್ಲೇ ಮೇಲ್ಸೇತುವೆ ಸಂಚಾರಕ್ಕೆ ಮುಕ್ತ’ ಎಂದು ತಲೆಬರಹವಾದರೆ, ಏಪ್ರಿಲ್ ಬಂದಾಗ ಯಾರೂ ಕೊಡದ ಮಾತಿಗೆ ಯಾರನ್ನೋ ದೂರಬೇಕಾಗುತ್ತದೆ. ‘ಮಾರ್ಚ್‌ನಲ್ಲೇ ತೆರೆದರೂ ತೆರೆಯಬಹುದು’ ಎಂಬುದರಲ್ಲಿ ಮೂಲದ ತೂಕ ಉಳಿಯುತ್ತದೆ.

‘ಅಟ್ ದಿ ಅರ್ಲಿಯೆಸ್ಟ್’ ಬಗ್ಗೆಯೂ ಎಚ್ಚರ ಬೇಕು. ನಮ್ಮ ಕಚೇರಿಗಳ ‘ದಿ ರಿಪೋರ್ಟ್ ಶುಡ್ ಬಿ ಸಬ್ಮಿಟೆಡ್ ಅಟ್ ದಿ ಅರ್ಲಿಯೆಸ್ಟ್’ ಎಂದರೆ ಆದಷ್ಟು ಬೇಗ ಸಲ್ಲಿಸಿ ಎಂದು. ವಿದೇಶದ ಕಂಪನಿಯಿಂದ ಬಂದ ಪತ್ರದಲ್ಲಿ ‘ದಿ ಪಾರ್ಟ್ಸ್ ವಿಲ್ ಬಿ ಶಿಪ್ಡ್ ಇನ್ ಜುಲೈ ಅಟ್ ದಿ ಅರ್ಲಿಯೆಸ್ಟ್’ ಎಂದಿದ್ದರೆ ಜುಲೈಗಿಂತ ಮುಂಚೆ ಸಾಧ್ಯವಿಲ್ಲ ಎಂದು. ಒಂದು ಅವಸರಪಡಿಸುವ ಮಾತು, ಇನ್ನೊಂದು ಕಾಯಿಸುವ ಮಾತು. ಪಕ್ಕದಲ್ಲಿ ತಿಂಗಳೋ ದಿನಾಂಕವೋ ಇದ್ದರೆ ಸಾಮಾನ್ಯವಾಗಿ ಎರಡನೆಯ ಅರ್ಥ. ಇಲ್ಲಿಂದ ಹೊರದೇಶಕ್ಕೆ ಬರೆಯುವವರು ಮೊದಲನೆಯ ಅರ್ಥಕ್ಕೆ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಎಂದು ಬರೆಯುವುದೇ ಕ್ಷೇಮ.

ಬರೀ ‘ಅರ್ಲಿ’ಯೂ ಒಂದೇ ಬಗೆಯದಲ್ಲ. ‘ದಿ ಬೇಬಿ ವಾಸ್ ಬಾರ್ನ್ ಅರ್ಲಿ ಆನ್ ಮಂಡೇ’ ಎಂದರೆ ಮಗು ಸೋಮವಾರ ನಸುಕಿನಲ್ಲಿ ಹುಟ್ಟಿತು. ‘ಬಾರ್ನ್ ಫೈವ್ ವೀಕ್ಸ್ ಅರ್ಲಿ’ ಎಂದರೆ 40 ವಾರದ ಲೆಕ್ಕಕ್ಕೆ ಐದು ವಾರ ಮುಂಚೆ, ಅಂದರೆ 35 ವಾರ ತುಂಬಿದಾಗ. 37 ವಾರ ತುಂಬುವ ಮೊದಲು ಹುಟ್ಟಿದ್ದನ್ನು ವೈದ್ಯರು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ‘ಇಫ್ ಡಿಟೆಕ್ಟೆಡ್ ಅರ್ಲಿ’ ಎಂಬಲ್ಲಿ ದಿನದ ಹೊತ್ತೂ ಇಲ್ಲ, ಗೊತ್ತುಮಾಡಿದ ದಿನಾಂಕವೂ ಇಲ್ಲ. ಕಾಯಿಲೆ ಬಲಿಯುವ ಮೊದಲೇ ಪತ್ತೆಯಾದರೆ ಎಂಬ ಅರ್ಥ. ಆರೋಗ್ಯದ ಬರಹಗಳಲ್ಲಿ ಇದು ‘ಬೇಗ ಪತ್ತೆಹಚ್ಚಲ್ಪಟ್ಟರೆ’ ಎಂದು ಬರುವುದುಂಟು. ಪರೀಕ್ಷೆಯನ್ನು ಚುರುಕಾಗಿ ಮುಗಿಸಬೇಕು ಎಂಬ ಭಾವ ಅದರಿಂದ ಬರುತ್ತದೆ. ‘ಆರಂಭದಲ್ಲೇ ಪತ್ತೆಯಾದರೆ’ ಎಂಬುದು ಸರಿ.

ಮುಂಗಾರಿನ ಸುದ್ದಿಯಲ್ಲೂ ಇದೇ ತೊಡಕು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ರ ಶನಿವಾರವೇ ಬಂತು. ‘ದಿ ಆನ್‌ಸೆಟ್ ವಾಸ್ ಅನೌನ್ಸ್ಡ್ ಅರ್ಲಿ’ ಎಂದು ಬರೆದರೆ ಬೇಗ ಆದದ್ದು ಪ್ರಕಟಣೆಯೋ ಮಳೆಯೋ ತಿಳಿಯದು. ಕರ್ಮಣಿ ವಾಕ್ಯದ ಕೊನೆಗೆ ಬಂದ ಕಾಲವಾಚಕ ತನಗೆ ಹತ್ತಿರದ ಕ್ರಿಯಾಪದವನ್ನೇ ಹಿಡಿದುಕೊಳ್ಳುತ್ತದೆ, ಇಲ್ಲಿ ಅದು ಪ್ರಕಟಿಸಿದ್ದು. ‘ಅರೈವ್ಡ್ ಎಯ್ಟ್ ಡೇಸ್ ಅರ್ಲಿ’ ಎಂದರೆ ಮಳೆಗೇ ಅಂಟುತ್ತದೆ. ‘ಅರೈವ್’ ಅಕರ್ಮಕವಾದ್ದರಿಂದ ಅದಕ್ಕೆ ಕರ್ಮಣಿ ರೂಪವಿಲ್ಲ; ‘ವಾಸ್ ಅರೈವ್ಡ್ ಅರ್ಲಿ’ ಎಂಬುದು ತಪ್ಪು.

ಪದ ಇಡುವ ಜಾಗದ ಬಗ್ಗೆ ಎರಡು ಮಾತು. ‘ಆಲ್ರೆಡಿ’ ನಡುವೆ ಕೂರುತ್ತದೆ: ‘ಹ್ಯಾಸ್ ಆಲ್ರೆಡಿ ಬೀನ್ ಪೇಯ್ಡ್’. ‘ಅರ್ಲಿ’, ‘ಅಹೆಡ್ ಆಫ್ ಶೆಡ್ಯೂಲ್’, ‘ಇನ್ ಅಡ್ವಾನ್ಸ್’ ಇವು ಕ್ರಿಯಾಪದದ ಆಚೆಗೆ ಬರಬೇಕು. ‘ವಾಸ್ ಅರ್ಲಿ ಕಂಪ್ಲೀಟೆಡ್’ ಎಂದು ಇಂದು ಬರೆಯುವುದಿಲ್ಲ. ‘ಅರ್ಲಿಯರ್’ ಮಾತ್ರ ಜಾಗ ಬದಲಾದಂತೆ ಅರ್ಥ ಬದಲಿಸುತ್ತದೆ. ‘ವಾಸ್ ಅರ್ಲಿಯರ್ ಪ್ಲಾನ್ಡ್ ಫಾರ್ ಜೂನ್’ ಎಂದರೆ ಹಿಂದೆ ಜೂನ್ ಎಂದು ಇತ್ತು, ಈಗ ಇಲ್ಲ. ‘ವಾಸ್ ಪ್ಲಾನ್ಡ್ ಫಾರ್ ಅರ್ಲಿಯರ್’ ಎಂದರೆ ಇನ್ನೂ ಬೇಗ ನಡೆಸುವ ಯೋಜನೆ ಇತ್ತು.

ಕನ್ನಡದ ಕಡೆಗೆ ಬಂದರೆ, ‘ಅಲ್ಪಟ್ಟಿತು’ ಬಹುತೇಕ ಎಲ್ಲಿಯೂ ಬೇಕಾಗಿಲ್ಲ. ‘ಲಾಯಿತು’ ಬಳಸುವುದಾದರೆ ಕರ್ಮಕ್ಕೆ ‘ಅನ್ನು’ ಸೇರಿಸಿ: ‘ಕಾಮಗಾರಿಯನ್ನು ಎರಡು ತಿಂಗಳು ಮೊದಲೇ ಮುಗಿಸಲಾಯಿತು’. ಮಾಡಿದವರ ಹೆಸರು ಮುಖ್ಯವಲ್ಲದಿದ್ದರೆ ‘ಕಾಮಗಾರಿ ಎರಡು ತಿಂಗಳು ಮೊದಲೇ ಮುಗಿಯಿತು’ ಎಂಬುದು ಇನ್ನೂ ಹಗುರ. ಸ್ಥಿತಿಯನ್ನೂ ಕ್ರಿಯೆಯನ್ನೂ ಬೇರೆ ಮಾಡಿ ತೋರಿಸುವ ಅನುಕೂಲ ನಮ್ಮ ಭಾಷೆಯಲ್ಲೇ ಇದೆ. ‘ದಿ ಕೌಂಟರ್ ವಾಸ್ ಕ್ಲೋಸ್ಡ್ ಬೈ ಫೋರ್’ ಎಂಬ ಇಂಗ್ಲಿಷ್ ವಾಕ್ಯದಿಂದ ನಾಲ್ಕಕ್ಕೆ ಬಂದವರಿಗೆ ಬಾಗಿಲು ಹಾಕಿರುವುದು ಕಂಡಿತೋ, ನಾಲ್ಕರೊಳಗೆ ಸಿಬ್ಬಂದಿ ಬಾಗಿಲು ಹಾಕಿದರೋ ಎಂದು ನಿರ್ಧರಿಸಲಾಗದು. ಕನ್ನಡದಲ್ಲಿ ‘ನಾಲ್ಕರ ಹೊತ್ತಿಗೆ ಮುಚ್ಚಿತ್ತು’ ಬೇರೆ, ‘ನಾಲ್ಕರೊಳಗೆ ಮುಚ್ಚಿದರು’ ಬೇರೆ. ದೂರು ಬರೆಯುವವರು ಇದರಲ್ಲಿ ಯಾವುದು ಬೇಕೋ ಅದನ್ನೇ ಆರಿಸಿಕೊಳ್ಳಬೇಕು.

ಪತ್ರಿಕೆಗಳಿಗೂ ಪರೀಕ್ಷಾ ವಿಭಾಗಗಳಿಗೂ ನಮ್ಮ ಕೋರಿಕೆ ಇಷ್ಟು: ದಿನ ಬದಲಾದ ಸುದ್ದಿ ಕೊಡುವಾಗ ಹಳೆಯ ದಿನಾಂಕ, ಹೊಸ ದಿನಾಂಕ, ಎರಡರ ವಾರವನ್ನೂ ಅಚ್ಚು ಮಾಡಿ. ‘ಜೂನ್ 12ರಂದು ನಡೆಯಬೇಕಿದ್ದ ಪರೀಕ್ಷೆ ಮೂರು ದಿನ ಮೊದಲೇ, ಜೂನ್ 9ರಂದು ನಡೆಯಲಿದೆ’ ಎಂಬ ಮಾದರಿಯಲ್ಲಿ, ಎರಡೂ ದಿನಾಂಕದ ಪಕ್ಕ ವಾರ ಸೇರಿಸಿದರೆ, ಇಂಗ್ಲಿಷ್ ಮೂಲದಲ್ಲಿ ಯಾವ ಕ್ರಿಯಾಪದವಿತ್ತು ಎಂದು ಯಾರೂ ಹುಡುಕಬೇಕಾಗುವುದಿಲ್ಲ.

– ಅನುವಾದ ಕಲಿಸುವ ಅಧ್ಯಾಪಕರು, ಜಯನಗರ, ಬೆಂಗಳೂರು