ಕನ್ನಡ ಬಿಟ್ಟುಹೋಗುತ್ತೇನೋ ಅಂತ ಬರ್ದಿದ್ಯಲ್ಲ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರ್ತಾಳೆ, ಅದು ಬಿಡು. ಪುಸ್ತಕ ಓದೋ ಯಂತ್ರ, ಅದೇ ಇ-ರೀಡರ್, ಯಾವ್ದು ತಗೊಳ್ಲಿ ಅಂತ ಕೇಳಿ ಕೊನೇಲಿ "ಇದು ಬಂದ್ಮೇಲೆ ನಾನು ಕನ್ನಡ ಓದೋದೇ ನಿಂತೋಗುತ್ತೇನೋ ದೊಡ್ಡಮ್ಮ" ಅಂತ ಒಂದು ಸಾಲು ಸೇರಿಸಿದ್ಯಲ್ಲ, ಅದು ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಹಂಗೇನಾಗಲ್ಲ ಅಂತ ಬಾಯಿಮಾತಿಗೆ ಹೇಳ್ಬೋದು. ಆದ್ರೆ ಆಗುತ್ತೆ ಕಣೇ. ನನ್ ಹತ್ರ ಇರೋ ಅಮೆಜಾನ್‌ನೋರ ಇ-ರೀಡರ್, ಆರಿಂಚಿನ ಕಿಂಡಲ್ಲೇ ನೋಡು, 2016ರಲ್ಲಿ ಅವ್ರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆ ಪುಸ್ತಕ ತಂದ್ರು, ಅದ್ರಲ್ಲಿ ಕನ್ನಡ ಇರ್ಲಿಲ್ಲ. ಕೈಗೆ ಸಿಗೋದನ್ನೇ ತಾನೇ ನಾವು ಓದೋದು.

ನಾನು ಮೂಡಿಗೆರೆಗೆ ಸೊಸೆಯಾಗಿ ಬಂದಾಗ ಕೈಗೆ ಸಿಗ್ತಿದ್ದಿದ್ದು ವಾರಪತ್ರಿಕೆ. ಧಾರಾವಾಹಿ ಹಾಳೆ ಹರಿದು ಹರಿದು ಇಟ್ಟು ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡ್ತಿದ್ವಿ, ಮಳೆಗಾಲಕ್ಕೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟ್ಕೊಳ್ಳೋವು, ಕಾಫಿ ಒಣಗಿಸೋ ಕಣದಲ್ಲಿ ಹರವಿದ್ರೂ ಉಳೀಲಿಲ್ಲ, ಉಳಿದಿದ್ದನ್ನ ಗೆದ್ದಲು ತಿಂತು. ನಮ್ಮತ್ತೆಗೆ ಕಣ್ಣಿಗೆ ಪೊರೆ ಬಂದ್ಮೇಲೆ ಪುಸ್ತಕ ತೊಡೆ ಮೇಲಿಟ್ಕೊಂಡು ಸುಮ್ನೆ ಕೂತಿರೋರು. ಇ-ರೀಡರಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೊಳ್ಳೋಕೆ ಬರುತ್ತೆ ಅಂತ ಅವ್ರಿಗೆ ತೋರಿಸೋ ಕಾಲ ಬರ್ಲೇ ಇಲ್ವಲ್ಲ ಅನ್ನೋದೊಂದು ನಂಗೆ ಈಗ್ಲೂ.

ಇರ್ಲಿ, ಎಲ್ಲೆಲ್ಲೋ ಹೋದೆ. ಆ ಅಕ್ಷರ ದೊಡ್ಡದಾಗೋದು ಇ-ಪುಸ್ತಕಕ್ಕೇ ಅಂತ ಇರೋ ಇಪಬ್ ತರದ ಫೈಲಾದ್ರೆ. ಆರ್ಕೈವ್ ಡಾಟ್ ಆರ್ಗಲ್ಲಿ ಸಿಗೋ ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿರೋ ಪಿಡಿಎಫ್ಫು, ಆರಿಂಚಲ್ಲಿ ಇಡೀ ಪುಟ ತೋರಿಸಿದ್ರೆ ಇರುವೆ ಸಾಲು. ಅದಕ್ಕೆ ಪರದೆ ದೊಡ್ಡದು ಬೇಕು, ದುಡ್ಡೂ ಜಾಸ್ತಿ. ವಿಕಿಪೀಡಿಯದೋರ ಪುಸ್ತಕದ ತಾಣ ಕನ್ನಡ ವಿಕಿಸೋರ್ಸಲ್ಲಿರೋ ವಚನಗಳನ್ನ ಇಪಬ್ ಆಗೇ ಇಳಿಸ್ಕೊಬೋದು.

ಇಂಗ್ಲಿಷಿಗೆ ಕಿಂಡಲ್ಲು, ಕನ್ನಡಕ್ಕೆ ಫೋನು ಅಂತ ಮಾಡ್ಕೊಂಡಿದೀನಿ ಅಂತ ನಿನ್ನ ಫ್ರೆಂಡ್ ಹೇಳಿದ್ಲಂತಲ್ಲ, ಅದೇ ನಂಗೆ ಸರಿ ಕಾಣ್ಲಿಲ್ಲ. ಫೋನಲ್ಲಿ ಎರಡು ಪುಟ ಓದೋಷ್ಟ್ರಲ್ಲಿ ವಾಟ್ಸಾಪ್ ಟಿಣ್ ಅನ್ನುತ್ತೆ, ಕನ್ನಡ ಅಲ್ಲಿಗೆ ಮುಗೀತು. ನೀನು ಹೆದರಿರೋದೂ ಇದಕ್ಕೇ ಅಲ್ವಾ? ಬೂಕ್ಸ್ ಅಂತ ಬರುತ್ತೆ, ಆಂಡ್ರಾಯ್ಡ್ ಇರೋ, ಕಾಗದದ ತರ ಕಾಣೋ ಇ-ಇಂಕ್ ಪರದೆ ರೀಡರ್ರು, ಅದ್ರಲ್ಲಿ ಕನ್ನಡ ಇ-ಪುಸ್ತಕದ ಆಪ್ ಮೈಲ್ಯಾಂಗು, ಗೂಗಲ್ ಪ್ಲೇ ಬುಕ್ಸು ಹಾಕ್ಕೊಂಡು ಕನ್ನಡ ಪುಸ್ತಕ ಕೊಂಡು ಓದ್ಬೋದು, ಕಿಂಡಲ್ ಆಪೂ ಅದ್ರಲ್ಲೇ ಹಾಕ್ಕೋಬೋದು. ಆಂಡ್ರಾಯ್ಡ್ ಕರೆಂಟ್ ತಿನ್ನೋದ್ರಿಂದ ಚಾರ್ಜ್ ಮಾತ್ರ ಕಿಂಡಲ್ಲಿನಷ್ಟು ದಿನ ಬರಲ್ಲ. ಪುಟ ತಿರುಗಿಸುವಾಗ ಮಾತ್ರ ಪರದೆ ಕರೆಂಟ್ ತಿನ್ನೋದ್ರಿಂದ ಕಿಂಡಲ್ಲು ವಾರಗಟ್ಲೆ ಬರುತ್ತೆ, ನಮ್ಮೂರಲ್ಲಿ ಜುಲೈನಲ್ಲಿ ಕರೆಂಟ್ ಹೋದ್ರೆ ಕೇಳೋರಿಲ್ಲ, ನಂಗೆ ಅದು ದೊಡ್ಡ ವಿಷಯ. ಬೆಂಗಳೂರಲ್ಲಿ ನಿಂಗೇನು.

ಯಾವ್ದೇ ಆದ್ರೂ ಕೊಳ್ಳೋಕೆ ಮುಂಚೆ ಯಾರ ಹತ್ರಾನಾದ್ರೂ ಇಸ್ಕೊಂಡು ಒಂದು ಕನ್ನಡ ಫೈಲ್ ಹಾಕಿ ಒತ್ತಕ್ಷರ ಸರಿಯಾಗಿ ಮೂಡುತ್ತಾ ನೋಡ್ಬಿಡು. ಇಷ್ಟೆಲ್ಲ ಹೇಳೋಕೆ ನಾನ್ಯಾರು, ನೀವೆಲ್ಲ ತಿಳಿದೋರು. ಆದ್ರೂ ಮೊದಲನೇ ಪುಸ್ತಕ ಕನ್ನಡದ್ದೇ ಹಾಕು, ಇಂಗ್ಲಿಷ್ ತಾನಾಗೇ ಬರುತ್ತೆ.

ಅವಸರ ಇಲ್ದಿದ್ರೆ ದಸರಾಕ್ಕೆ ಬಂದಾಗ ನನ್ದೇ ತಗೊಂಡು ಹೋಗಿ ಓದಿ ನೋಡು. ಕವರ್ ತೆಗೀಬೇಡ, ಸಡಿಲ ಆಗಿದೆ.

ನಿನ್ನ ದೊಡ್ಡಮ್ಮ